ಹಿಮನಾಡಿನವರ ಹೆಸರು

ಉತ್ತರ ಧ್ರುವಪ್ರಾಂತದ ಜನರನ್ನು ಕುರಿತು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ, ಎಸ್ಕಿಮೋಗಳು ಹಿಮದ ಮನೆಯಲ್ಲಿ ವಾಸಿಸುತ್ತಾರೆ, ಹಸಿಮಾಂಸ ತಿನ್ನುತ್ತಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಲೇಖಕನೂ ಬಹುಕಾಲ ಹಾಗೆಯೇ ಬೋಧಿಸಿದವನು. ಆ ಪಾಠವನ್ನು ತಿದ್ದಬೇಕೆಂಬುದು ನನ್ನ ಅಭಿಪ್ರಾಯ. ತಿದ್ದುಪಡಿ ಹೆಸರಿನಿಂದಲೇ ಮೊದಲಾಗಬೇಕು.

ಎಸ್ಕಿಮೋ ಎಂಬುದು ಅನ್ಯರು ಇಟ್ಟ ಹೆಸರು. ಕೆನಡಾದ ಆ ಜನ ತಮ್ಮನ್ನು ಇನುಯಿಟ್, ಅಂದರೆ ಮನುಷ್ಯರು, ಎಂದು ಕರೆದುಕೊಳ್ಳುತ್ತಾರೆ. ಒಬ್ಬನಾದರೆ ಇನುಕ್, ಇಬ್ಬರಾದರೆ ಇನೂಕ್, ಹಲವರಾದರೆ ಇನುಯಿಟ್. ಸಂಸ್ಕೃತದಂತೆ ಅವರ ನುಡಿಗೂ ದ್ವಿವಚನವುಂಟೆಂಬುದು ವೈಯಾಕರಣರಿಗೆ ಸಂತೋಷದ ಸಂಗತಿ. ಇಗ್ಲು ಎಂಬ ಶಬ್ದಕ್ಕೆ ಅವರಲ್ಲಿ ಮನೆ ಎಂದಷ್ಟೇ ಅರ್ಥ. ಹಿಮದ ಗುಮ್ಮಟ ಚಳಿಗಾಲದ ಬೀಡು. ಬೇಸಗೆಯಲ್ಲಿ ಚರ್ಮದ ಗುಡಾರ. ಮನೆಯೊಳಗೆ ಬಳಪದ ಕಲ್ಲಿನಲ್ಲಿ ಕೊರೆದ ಅರ್ಧಚಂದ್ರಾಕಾರದ ಪ್ರಣತೆ. ಸೀಲ್ ಪ್ರಾಣಿಯ ಕೊಬ್ಬೇ ಅದಕ್ಕೆ ತೈಲ, ಪಾಚಿಯೇ ಬತ್ತಿ. ಬೆಳಕು, ಬಿಸಿ, ಅಡುಗೆ, ಹಿಮ ಕರಗಿಸಿದ ನೀರು ಎಲ್ಲವೂ ಅದರಿಂದಲೇ ಆಗಬೇಕು. ಅದನ್ನು ಕಾಯುವವಳು ಮನೆಯೊಡತಿ. ಹಸಿಮಾಂಸವೆಂದೊಡನೆ ಸಸ್ಯಾಹಾರಿಗಳಾದ ನಾವು ಮೂಗು ಮುರಿಯುವುದುಂಟು. ಪೈರೇ ಬೆಳೆಯದ ನೆಲದಲ್ಲಿ, ಬೇಯಿಸಿದರೆ ಕುಂದುವ ಸಿ ಜೀವಸತ್ವವನ್ನು ಅವರಿಗೆ ಒದಗಿಸಿದ್ದು ಆ ಹಸಿ ಆಹಾರವೇ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅವರ ನಾಮಕರಣದ ರೀತಿ. ಗತಿಸಿದ ಹಿರಿಯರೊಬ್ಬರ ಹೆಸರನ್ನು ಹುಟ್ಟಿದ ಕೂಸಿಗೆ ಇಡುತ್ತಾರೆ. ಗಂಡು ಹೆಣ್ಣೆಂಬ ಭೇದವಿಲ್ಲ. ಹೆಸರಿನೊಡನೆ ಆ ಹಿರಿಯರ ಬಾಂಧವ್ಯವೂ ಬರುತ್ತದೆ. ತನ್ನ ತಾಯಿಯ ಹೆಸರು ಹೊತ್ತ ಮಗುವನ್ನು ತಂದೆ 'ಅಮ್ಮಾ' ಎಂದು ಸಂಬೋಧಿಸುತ್ತಾನೆ. ಅಂಥ ಮಗುವನ್ನು ಗದರಿಸಲು ಹಿಂಜರಿಯುತ್ತಾನೆ. ಮಾವನ ಹೆಸರಿಟ್ಟುಕೊಂಡ ಮಗನನ್ನು ಹೆಸರು ಹಿಡಿದು ಕರೆಯಲು ಅಳುಕಿ, 'ಅಜ್ಜಾ, ಉಣ್ಣ ಬಾರೋ' ಎನ್ನುವ ತಾಯಂದಿರನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆತನದ ಹೆಸರೆಂಬುದು ಅವರಲ್ಲಿರಲಿಲ್ಲ. ಕಡತ ಬರೆಯುವವರಿಗೆ ಇದರಿಂದ ತೊಡಕಾಯಿತು. 1941ರಿಂದ ಕೆನಡಾ ಸರ್ಕಾರ ಒಬ್ಬೊಬ್ಬರಿಗೂ ಒಂದು ಅಂಕಿಯನ್ನು ಗೊತ್ತುಮಾಡಿ, ಅದನ್ನು ಒತ್ತಿದ ಸಣ್ಣ ಬಿಲ್ಲೆಯನ್ನು ಕೊಟ್ಟಿತು. ಕೊರಳಲ್ಲಿ ಕಟ್ಟಿಕೊಂಡವರುಂಟು, ಉಡುಪಿಗೆ ಹೊಲಿದುಕೊಂಡವರುಂಟು. ಹಿರಿಯರನ್ನೇ ಹೆಸರಾಗಿ ಹೊತ್ತವನು ಸರ್ಕಾರಿ ಪತ್ರದಲ್ಲಿ ಅಂಕಿಯಾದನು. ಆಡಳಿತದ ಸೌಕರ್ಯವೆಂದು ಇದನ್ನು ಸಮರ್ಥಿಸುವವರಿದ್ದಾರೆ, ನಾನು ಒಪ್ಪಲಾರೆ. ಹೆಸರನ್ನು ಕೇಳಿ ಕಲಿಯುವ ತಾಳ್ಮೆ ಇಲ್ಲದವರು ಹುಡುಕಿದ ಸುಲಭದ ದಾರಿ ಅದು.

1970ರ ಸುಮಾರಿಗೆ ಇನುಯಿಟ್ ಜನಾಂಗದವರೇ ಆದ ಏಬ್ ಒಕ್ಪಿಕ್ ಊರೂರು ಸುತ್ತಿ, ಅಂಕಿಯ ಬದಲಿಗೆ ಮನೆತನದ ಹೆಸರುಗಳನ್ನು ಬರೆಸಿದರು. ಅದೂ ಪರರ ಅಚ್ಚೇ, ಆದರೂ ಹೆಸರಾದರೂ ಹೌದು. 1999ರ ಏಪ್ರಿಲ್ 1ರಂದು 'ನಮ್ಮ ನಾಡು' ಎಂಬರ್ಥದ ನುನಾವುತ್ ಪ್ರದೇಶ ರೂಪುಗೊಂಡಿತು. ಅದರ ಲಾಂಛನದಲ್ಲಿ ಆ ಕಲ್ಲಿನ ಪ್ರಣತೆಯಿದೆ. ಹಿಮದ ಮನೆಗಳಿದ್ದಲ್ಲಿ ಈಗ ಮರದ ಮನೆಗಳು ಬಂದಿವೆ, ನಾಯಿಬಂಡಿಯ ಸ್ಥಾನದಲ್ಲಿ ಯಂತ್ರದ ಬಂಡಿ ಓಡುತ್ತದೆ. ಕೂಸನ್ನು 'ಅಮ್ಮಾ' ಎಂದು ಕರೆಯುವ ತಂದೆಯರು ಅಲ್ಲಿ ಇಂದಿಗೂ ಇದ್ದಾರೆ.