ಪೆಟ್ಟಿಗೆ ಕೈಗೆ ಬರುತ್ತೆ, ಸಾಫ್ಟ್‌ವೇರ್ ಬರೋದಿಲ್ಲ!

ಹಾಡು ರೆಕಾರ್ಡ್ ಮಾಡಬೇಕಾದರೆ ಮದರಾಸಿಗೆ ಹೋಗಬೇಕಿದ್ದ ಕಾಲ ಒಂದಿತ್ತು. ಕನ್ನಡ ಸಿನಿಮಾದ ಹಾಡುಗಳೇ ಅಲ್ಲಿ ತಯಾರಾಗುತ್ತಿದ್ದವು. ಈಗ ಆ ಕೆಲಸ ಮನೆಯ ಮೂಲೆಗೆ ಬಂದು ಕೂತಿದೆ. ಒಂದು ಮೈಕು, ಒಂದು ಕಂಪ್ಯೂಟರು, ಎರಡರ ಮಧ್ಯೆ ಇಟ್ಟಿಗೆ ಗಾತ್ರದ ಒಂದು ಪೆಟ್ಟಿಗೆ. ಸ್ಟುಡಿಯೋ ಅಂದರೆ ಇಷ್ಟೆ. ಊರಿನ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ 2018ರ ‘ಕೆ.ಜಿ.ಎಫ್.’ ಚಿತ್ರದ ಸಂಗೀತ ನಿರ್ದೇಶಕ ರವಿ ಬಸ್ರೂರು ಅವರು ಕುಂದಾಪುರದ ಬಳಿಯ ತಮ್ಮ ಬಸ್ರೂರಿನಲ್ಲೇ ಸ್ಟುಡಿಯೋ ಇಟ್ಟವರು.

ಅಸಲಿ ಕೆಜಿಎಫ್‌ಗೂ ಹಾಡು ಹೊಸದಲ್ಲ. ಚರ್ಚಿನಲ್ಲಿ ಕ್ವಾಯರ್, ಮದುವೆಗೆ ಆರ್ಕೆಸ್ಟ್ರಾ, ದೇವಸ್ಥಾನದಲ್ಲಿ ಭಜನೆ. ತಮಿಳು, ಕನ್ನಡ, ತೆಲುಗು, ಇಂಗ್ಲಿಷು, ಯಾವುದಕ್ಕೂ ಬರವಿಲ್ಲ. ಬರ ಇರುವುದು ದುಡ್ಡಿಗೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ದುಡಿಮೆ ಬೆಂಗಳೂರಿನ ಕಡೆ ಹೋಯಿತು. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್‌ಗಳಲ್ಲಿ ಬೆಳಗ್ಗೆ ರೈಲು ಹತ್ತಿದವರು ಬಂಗಾರಪೇಟೆ ಮೇಲೆ ಹೋಗಿ ರಾತ್ರಿ ವಾಪಸು. ಅಂಥ ಮನೆಯ ಹುಡುಗನಿಗೆ ಹಾಡು ರೆಕಾರ್ಡ್ ಮಾಡುವ ಆಸೆ ಬಂದರೆ ಹೊಸ ಸಾಮಾನಿಗೆ ಕೈ ಹಾಕುವುದು ಸುಲಭವೆ? ಕಣ್ಣು ಸೆಕೆಂಡ್ ಹ್ಯಾಂಡ್ ಮೇಲೆ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ, ಫೋನಿನ ಜಾಹೀರಾತಿನಲ್ಲೋ, ಪರಿಚಯದವರ ಹತ್ತಿರವೋ ಹುಡುಕಾಟ ಶುರು.

ವ್ಯಾಪಾರದ ಮಾತು ಸಾಮಾನ್ಯವಾಗಿ ಹೀಗೇ ಸಾಗುವುದು:

‘ಅಣ್ಣಾ, ಇದಕ್ಕೆ ಸಾಫ್ಟ್‌ವೇರ್ ಐತಾ?’

‘ಐತಪ್ಪ, ಡಬ್ಬದೊಳಗೇ ಐತೆ. ಒರಿಜಿನಲ್ಲು!’

ಈ ‘ಐತೆ’ ಅನ್ನುವ ಮಾತಿನಲ್ಲೇ ಗಿರಾಕಿ ಯಾಮಾರುವುದು. ಹಾಗೆಂದು ಮಾರುವವನು ಮೋಸಗಾರ ಎನ್ನುವಂತೆಯೂ ಇಲ್ಲ. ಎಷ್ಟೋ ಸಲ ಅವನಿಗೂ ವಿಷಯ ಗೊತ್ತಿರುವುದಿಲ್ಲ.

ಪುಕ್ಕಟೆ ಪೂರಿ

ಈ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ಸೌಂಡ್ ಕಾರ್ಡ್ ಎಂದರೂ ನಡೆಯುತ್ತದೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡಿಕೊಡುವುದು ಅದರ ಕೆಲಸ. ದನಿಯನ್ನು ಹಿಡಿದಿಟ್ಟು, ಕತ್ತರಿಸಿ, ಜೋಡಿಸುವುದು ಸಾಫ್ಟ್‌ವೇರಿನ ಕೆಲಸ. ಕಂಪನಿಗಳು ಪೆಟ್ಟಿಗೆ ಜೊತೆಗೆ ಯಾವುದಾದರೂ ಒಂದು ಸಾಫ್ಟ್‌ವೇರಿನ ಚಿಕ್ಕ ರೂಪವನ್ನು ಪುಕ್ಕಟೆ ಕೊಡುತ್ತವೆ. ಹಿಂದೆ ಸಿ.ಡಿ. ಇರುತ್ತಿತ್ತು, ಈಗ ಒಂದು ಕೋಡ್ ನಂಬರು.

ಬಂಗಾರಪೇಟೆಯ ಪಾನಿಪುರಿ ಗಾಡಿಯಲ್ಲಿ ತಿಂದು ಮುಗಿಸಿದವರು ಕೊನೆಗೊಂದು ಒಣ ಪೂರಿ ಕೇಳಿ ತಿನ್ನುತ್ತಾರಲ್ಲ, ಇದೂ ಅಂಥದೇ. ಆ ಪುಕ್ಕಟೆ ಪೂರಿಯನ್ನು ಎತ್ತಿಟ್ಟು ಹತ್ತು ವರ್ಷದ ಮೇಲೆ ಬೆಲೆ ಕಟ್ಟಿ ಮಾರಿದರೆ ತಿನ್ನುವವರುಂಟೆ? ರೆಕಾರ್ಡಿಂಗ್ ಸಾಮಾನಿನಲ್ಲಿ ಮಾತ್ರ ಅದಕ್ಕೂ ಬೆಲೆ ಕಟ್ಟುವುದು ನಡೆದಿದೆ.

ಸೀಸನ್ ಟಿಕೆಟ್ ನ್ಯಾಯ

ದಿನಾ ರೈಲಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ತಮ್ಮ ಬ್ಯಾಗನ್ನು ಇನ್ನೊಬ್ಬರಿಗೆ ಮಾರಬಹುದು. ಆದರೆ ಬ್ಯಾಗಿನೊಳಗಿನ ಸೀಸನ್ ಟಿಕೆಟ್ ಮಾರಲಾಗದು. ಅದು ಅವರ ಹೆಸರಿನದು, ಬೇರೆಯವರ ಕೈಯಲ್ಲಿ ಸಿಕ್ಕರೆ ದಂಡ. ಪೆಟ್ಟಿಗೆಯೆಂಬುದು ಬ್ಯಾಗು, ಸಾಫ್ಟ್‌ವೇರಿನ ಲೈಸೆನ್ಸು ಸೀಸನ್ ಟಿಕೆಟ್ಟು.

ಮೊದಲು ಕೊಂಡವನು ಕೋಡ್ ನಂಬರನ್ನು ತನ್ನ ಹೆಸರಿಗೆ ನೋಂದಣಿ ಮಾಡಿಕೊಂಡ ಎಂದರೆ ಆ ಕೋಡಿನ ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಕೆಲವು ಕಂಪನಿಗಳು ವರ್ಗಾವಣೆಗೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪುವ ಕಡೆಯೂ ಮೊದಲಿನ ಯಜಮಾನನೇ ತನ್ನ ಖಾತೆಯಿಂದ ಬಿಡಿಸಿಕೊಡಬೇಕು. ಅವನು ಕೆಲಸದ ಮೇಲೆ ಊರು ಬಿಟ್ಟು ಹೋಗಿದ್ದರೆ ಹುಡುಕುವವರು ಯಾರು?

ಕಾಯ್ದೆಯೂ ಕೊಳ್ಳುವವನ ಕಡೆ ಅಷ್ಟಾಗಿ ವಾಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1999ರಲ್ಲಿ ಆದ ತಿದ್ದುಪಡಿ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಮಾರುವ, ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡುವ ಹಕ್ಕು ಕೃತಿಸ್ವಾಮ್ಯ ಇರುವವರದು. ಯುರೋಪಿನಲ್ಲಿ ಹಾಗಿಲ್ಲ. ಒರೇಕಲ್ ಕಂಪನಿಯ ಮೊಕದ್ದಮೆಯಲ್ಲಿ 2012ರ ಜುಲೈ 3ರಂದು ಅಲ್ಲಿನ ನ್ಯಾಯಾಲಯ ಕೊಂಡವನ ಕಡೆ ತೀರ್ಪು ಕೊಟ್ಟಿತು. ಶಾಶ್ವತ ಬಳಕೆಗೆಂದು ಕೊಂಡ ಸಾಫ್ಟ್‌ವೇರನ್ನು, ತನ್ನ ಪ್ರತಿಯನ್ನು ಅಳಿಸಿಬಿಟ್ಟು, ಇನ್ನೊಬ್ಬರಿಗೆ ಮಾರಬಹುದು ಎಂದಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಆ ತೀರ್ಪು ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ.

ಕಾಲ ಮುಗಿದ ಸರಕು

ಲೈಸೆನ್ಸು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಮುಂದಿನ ಪ್ರಶ್ನೆ, ಅದು ಇವತ್ತಿನ ಕಂಪ್ಯೂಟರಿನಲ್ಲಿ ಓಡುತ್ತದೆಯೆ?

ಡಿಜಿಡಿಸೈನ್ ಕಂಪನಿಯ ಎಂಬಾಕ್ಸ್ 2 ಎಂಬ ಪೆಟ್ಟಿಗೆಯನ್ನೇ ನೋಡಿ. 2005ರಲ್ಲಿ ಬಂದ ಒಳ್ಳೆಯ ಸಾಮಾನು. ಜೊತೆಗೆ ಬರುತ್ತಿದ್ದದ್ದು ಪ್ರೋಟೂಲ್ಸ್ ಎಲ್‌ಇ. ಪೆಟ್ಟಿಗೆ ಇಲ್ಲದೆ ಆ ಸಾಫ್ಟ್‌ವೇರ್ ಓಡದು. 2010ರಲ್ಲಿ ಪ್ರೋಟೂಲ್ಸ್ 9 ಬಂದಾಗ ಆ ಕಟ್ಟು ಬಿಚ್ಚಿತು, ಎಲ್‌ಇ ನಿಂತೇ ಹೋಯಿತು. ಹಳೆಯ ಸಿ.ಡಿ. ಓಡಬೇಕಾದರೆ ಹಳೆಯ ವಿಂಡೋಸೇ ಬೇಕು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಆ್ಯಪಲ್ ಕಂಪನಿ 2019ರ ಕ್ಯಾಟಲಿನಾದಿಂದ 32 ಬಿಟ್‌ನ ಹಳೆಯ ಸಾಫ್ಟ್‌ವೇರುಗಳನ್ನು ಒಳಗೇ ಬಿಡುತ್ತಿಲ್ಲ.

ತೀರಾ ಹಳೆಯದಲ್ಲದ ಸಾಮಾನಿಗೂ ಇದೇ ಗತಿ. ಅನೇಕ ಪೆಟ್ಟಿಗೆಗಳ ಜೊತೆ ಕೊಡುತ್ತಿದ್ದ ಪ್ರೋಟೂಲ್ಸ್ ಫಸ್ಟ್ ಅನ್ನು 2021ರ ಕೊನೆಗೆ ನಿಲ್ಲಿಸಲಾಯಿತು. ಕ್ಯೂಬೇಸ್‌ನ ಸ್ಟೈನ್‌ಬರ್ಗ್ ಕಂಪನಿ ತನ್ನ ಇ-ಲೈಸೆನ್ಸರ್ ಸೇವೆಯನ್ನು 2025ರ ಮೇ 20ರಂದು ಮುಚ್ಚಿತು. ಹಳೆಯ ಡಾಂಗಲ್ ಈಗ ಚುಚ್ಚಿರುವ ಕಡೆ ಓಡೀತು. ಅದನ್ನು ನಂಬಿ ಹೊಸದಾಗಿ ದುಡ್ಡು ಹಾಕುವುದು ಬೇಡ. ಇನ್ನು ಫೈರ್‌ವೈರ್ ತಂತಿಯ ಪೆಟ್ಟಿಗೆಗಳು. ಬೆಲೆ ಅಗ್ಗ, ನಿಜ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ತಂತಿ ಚುಚ್ಚಲು ತೂತೇ ಇರುವುದಿಲ್ಲ.

ಕ್ಯಾಸೆಟ್ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. 1980ರ ದಶಕದ ಟೂ-ಇನ್-ಒನ್ ಕೊಂಡರೆ ಪೂರ್ತಿ ಮೆಷಿನ್ನೇ ಕೈಗೆ ಬಂದ ಹಾಗೆ. ಹೆಡ್ ಸವೆದಿದೆಯೇ, ಮೋಟಾರು ಸರಿಯಿದೆಯೇ ನೋಡಿದರೆ ಆಯಿತು. ಯಾವ ಕ್ಯಾಸೆಟ್ ಹಾಕಿದರೂ ಓಡುತ್ತಿತ್ತು. ಇವತ್ತು ಮೆಷಿನ್ನಿನ ಅರ್ಧ ಅಂಗಡಿಯಲ್ಲಿ, ಇನ್ನರ್ಧ ಕಂಪನಿಯ ಕೈಯಲ್ಲಿ. ಕಂಪನಿ ತನ್ನ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡರೆ ಸರಿಯಾಗಿರುವ ಪೆಟ್ಟಿಗೆಯೂ ಕೈಕಟ್ಟಿ ಕೂರಬೇಕು. ತಪ್ಪಿನ ದೊಡ್ಡ ಪಾಲು ಇಲ್ಲಿದೆ. ಆದರೆ ನಷ್ಟ ಬೀಳುವುದು ಕಂಪನಿಯ ಮೇಲಲ್ಲ, ಕೊನೆಗೆ ಕೊಂಡವನ ಮೇಲೆ.

ಪೆನ್‌ಡ್ರೈವ್ ದಾರಿ

ಇದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಅಡ್ಡದಾರಿಯಿದೆ. ‘ತಲೆ ಕೆಡಿಸ್ಕೋಬೇಡಪ್ಪ, ಕ್ರ್ಯಾಕ್ ಹಾಕಿಕೊಡ್ತೀನಿ’ ಎಂದು ಪೆನ್‌ಡ್ರೈವ್ ಚುಚ್ಚುವುದು. ಗಿರಾಕಿಗೂ ಖುಷಿ, ವ್ಯಾಪಾರವೂ ಆಯಿತು.

ಕಾಯ್ದೆಯ 63-ಬಿ ಕಲಂ ಬೇರೆ ಮಾತು ಹೇಳುತ್ತದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ, ವ್ಯಾಪಾರಕ್ಕಾಗಿ ಬಳಸದವರಿಗೆ ಕೋರ್ಟು ಜೈಲು ತಪ್ಪಿಸಬಹುದು. ದುಡ್ಡು ತೆಗೆದುಕೊಂಡು ಮದುವೆ ಹಾಡು, ಪ್ರಚಾರದ ಆಟೋದ ಘೋಷಣೆ ರೆಕಾರ್ಡ್ ಮಾಡಿಕೊಡುವವರು ಆ ರಿಯಾಯಿತಿ ನಂಬಿಕೊಳ್ಳುವ ಹಾಗಿಲ್ಲ. ಅಲ್ಲದೆ ಕ್ರ್ಯಾಕ್ ಫೈಲಿನ ಜೊತೆ ವೈರಸ್ಸೂ ಬರುತ್ತದೆ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡೂ ಇದ್ದರೆ ಹಾಡಿಗಿಂತ ದುಬಾರಿಯಾದದ್ದು ಹೋದೀತು.

ಹಾಗಾದರೆ ಗುಜರಿಗೆ ಹಾಕೋದೇ?

ಬೇಡ. ಇಲ್ಲಿಯೇ ಕೊಳ್ಳುವವನ ಲಾಭ ಇರುವುದು. ಪೆಟ್ಟಿಗೆಗೆ ಬೆಲೆ ಕೊಡಬೇಕು, ಅದರ ಜೊತೆಯ ಹಳೆಯ ಸಾಫ್ಟ್‌ವೇರಿಗೆ ಮೂರು ಕಾಸೂ ಕೊಡಬಾರದು. ಇದಿಷ್ಟು ನೆನಪಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಮೈಕಿಗೆ ಸಾಫ್ಟ್‌ವೇರ್ ಬೇಕಿಲ್ಲ. ಶೂರ್ ಕಂಪನಿಯ ಎಸ್‌ಎಂ58 ಮೈಕು ಬಂದದ್ದು 1966ರಲ್ಲಿ, ಇಂದಿಗೂ ತಯಾರಾಗುತ್ತಿದೆ. ಅಸಲಿ ಆಗಿದ್ದರೆ ಹಳೆಯದನ್ನೂ ಧೈರ್ಯವಾಗಿ ಕೊಳ್ಳಬಹುದು. ಹೆಡ್‌ಫೋನು, ಸ್ಪೀಕರು, ಸ್ಟ್ಯಾಂಡುಗಳೂ ಹಾಗೆಯೇ.

ಪೆಟ್ಟಿಗೆಗಳಲ್ಲಿ ಎರಡು ಜಾತಿ. ಕಂಪನಿಯ ಡ್ರೈವರ್ ಹಾಕಿದರೆ ಮಾತ್ರ ಓಡುವವು ಕೆಲವು. ಕಂಪನಿ ಡ್ರೈವರ್ ಕೊಡುವುದನ್ನು ಬಿಟ್ಟಿತೋ, ಅವು ಹಳೆಯ ಕಂಪ್ಯೂಟರಿಗೇ ಗಂಟು ಬಿದ್ದ ಹಾಗೆ. ಇನ್ನು ಕೆಲವು ‘ಕ್ಲಾಸ್ ಕಂಪ್ಲಯಂಟ್’, ಅಂದರೆ ಚುಚ್ಚಿದ ಕೂಡಲೇ ಕಂಪ್ಯೂಟರು ತಾನೇ ಗುರುತು ಹಿಡಿಯುವಂಥವು. ಹತ್ತು ವರ್ಷ ಹಳೆಯದಾದರೂ ಇವುಗಳ ಕೆಲಸ ನಿಲ್ಲದು. ಪುಕ್ಕಟೆ ಸಿಗುವ ಅಡಾಸಿಟಿ ಎಂಬ ಸಾಫ್ಟ್‌ವೇರ್ 2000ದಿಂದಲೂ ಇದೆ, ಕ್ರ್ಯಾಕಿನ ಭಯವಿಲ್ಲ. ಕ್ವಾಯರಿನ ಹಾಡನ್ನೋ ಭಜನೆಯನ್ನೋ ಹಿಡಿದಿಡಲು ಅದು ಸಾಕು. ಲೀನಕ್ಸ್ ಬಲ್ಲವರಿಗೆ ಆರ್ಡೋರ್ ಇದೆ.

ಎಂಬಾಕ್ಸ್‌ನಂಥ ಹಳೆಯ ಪೆಟ್ಟಿಗೆಗೂ ಒಂದು ದಾರಿಯುಂಟು. ಅದು ಯಾವ ಕಂಪ್ಯೂಟರಿನಲ್ಲಿ ಓಡುತ್ತಿದೆಯೋ ಆ ಕಂಪ್ಯೂಟರಿನ ಸಮೇತ ಜೋಡಿಯಾಗಿ ಮಾರುವುದು. ಲೈಸೆನ್ಸಿಗೆ ಕಂಪನಿಯ ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಆ ಕಂಪ್ಯೂಟರಿಗೆ ಇಂಟರ್ನೆಟ್ ತೋರಿಸಬಾರದು, ರೆಕಾರ್ಡಿಂಗ್‌ಗೆ ಮಾತ್ರ ಇಟ್ಟುಕೊಳ್ಳಬೇಕು. ಜೋಡಿ ಬಿಡಿಸಿದರೆ ಎರಡೂ ದಂಡ.

ಕೊಳ್ಳಲು ಹೋಗುವವರು ತಮ್ಮ ಲ್ಯಾಪ್‌ಟಾಪನ್ನೇ ಹೊತ್ತೊಯ್ಯುವುದು ಒಳ್ಳೆಯದು. ಮಾರುವವರ ಕಂಪ್ಯೂಟರಿನಲ್ಲಿ ಓಡಿದ್ದು ಮನೆಯಲ್ಲಿ ಓಡೀತೆಂಬ ಭರವಸೆಯಿಲ್ಲ. ಮೈಕು ಚುಚ್ಚಿ ಒಂದು ನಿಮಿಷ ಹಾಡಿಸಿ, ರೆಕಾರ್ಡ್ ಮಾಡಿ, ವಾಪಸು ಕೇಳಬೇಕು. ಗುಂಡಿ ತಿರುಗಿಸುವಾಗ ಕರಕರ ಬರುತ್ತದೆಯೇ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಬರುತ್ತಿದೆಯೇ ನೋಡಬೇಕು. ಅಂಗಡಿಯವರು ‘ಮನೇಗೆ ಹೋಗಿ ನೋಡ್ಕೊಳ್ಳಿ’ ಎಂದರೆ ನಮಸ್ಕಾರ ಹೇಳಿ ಹೊರಡುವುದೇ ವಾಸಿ.

ಅಂಗಡಿಯವರ ಪಾಲಿಗೆ

ಹಳೇ ಸಾಮಾನಿನ ವ್ಯಾಪಾರ ಮಾಡುವವರು ಬಿಲ್ಲಿನಲ್ಲಿ ನಾಲ್ಕು ವಿಷಯ ಬರೆದುಕೊಟ್ಟರೆ ಜಗಳಕ್ಕೆ ಜಾಗವೇ ಇರದು. ಮಾಡೆಲ್ ಯಾವುದು, ಯಾವ ವಿಂಡೋಸಿನಲ್ಲಿ ಓಡಿಸಿ ತೋರಿಸಿದೆ, ಲೈಸೆನ್ಸು ಜೊತೆಗೆ ಇದೆಯೋ ಇಲ್ಲವೋ, ಎಷ್ಟು ದಿನದೊಳಗೆ ವಾಪಸು. ‘ಸಾಫ್ಟ್‌ವೇರ್ ಇಲ್ಲ’ ಎಂದು ಬರೆದರೆ ವ್ಯಾಪಾರ ಕೆಡುತ್ತದೆ ಎಂಬ ಭಯ ಬೇಡ. ಬೆಲೆ ಸ್ವಲ್ಪ ಇಳಿದೀತು, ಗಿರಾಕಿ ಮತ್ತೆ ಬಂದಾನು.

ಜಿಎಸ್‌ಟಿ ಇರುವವರಿಗೆ ಇನ್ನೊಂದು ಮಾತು. 2017ರ ನಿಯಮಗಳ 32(5)ರಲ್ಲಿ ಹಳೇ ಸಾಮಾನಿನ ವ್ಯಾಪಾರಿಗೆ ಅನುಕೂಲವಿದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ, ನಷ್ಟವಾಗಿದ್ದರೆ ಅದೂ ಇಲ್ಲ. ಸಾಮಾನಿನ ರೂಪ ಬದಲಾಗಿರಬಾರದು, ಕೊಂಡದ್ದರ ಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದಿರಬಾರದು. ಬಿಲ್ಲು ಕೊಟ್ಟರೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಕಟ್ಟಬೇಕಾದೀತೆಂದು ಹೆದರಿ ಬಿಲ್ಲೇ ಕೊಡದೆ ಮಾರುವುದಕ್ಕೆ ಅರ್ಥವಿಲ್ಲ. ಕೊಂಡದ್ದಕ್ಕೂ ಮಾರಿದ್ದಕ್ಕೂ ಕಾಗದ ಇರಬೇಕು, ಅಷ್ಟೆ.

ಬೆಂಗಳೂರಿನಲ್ಲಿ ಒಬ್ಬ ಗಿರಾಕಿ ಮುನಿಸಿಕೊಂಡರೆ ಇನ್ನೊಬ್ಬ ಸಿಗುತ್ತಾನೆ. ರಾಬರ್ಟ್‌ಸನ್‌ಪೇಟೆಯಲ್ಲಿ, ಬಂಗಾರಪೇಟೆಯಲ್ಲಿ ಹಾಗಲ್ಲ. ಇಲ್ಲಿ ಒಂದು ಅಂಗಡಿಯ ಮಾತು ಒಂದು ರೈಲಿನ ತುಂಬ ಹರಡಲು ಒಂದೇ ಬೆಳಗ್ಗೆ ಸಾಕು. ಸಂಬಳದಲ್ಲಿ ಉಳಿಸಿದ ನಾಲ್ಕೈದು ಸಾವಿರ ರೂಪಾಯಿ ಹಿಡಿದು ಬರುವ ಹುಡುಗನಿಗೆ ಕೋಡ್ ನಂಬರಿನ ಆಸೆ ತೋರಿಸುವುದರ ಬದಲು, ಇದು ಓಡುತ್ತೆ, ಇದು ಓಡೋದಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಂಗಡಿಗೇ ಕೊನೆಗೆ ವ್ಯಾಪಾರ ಉಳಿಯುವುದು.