ಗುಳಿಗೆಯ ಜತೆ ಕಾರಣವನ್ನೂ ಕೊಡಿ

ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣಾಂಶದ ಗುಳಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಗೂ ತಲುಪುತ್ತದೆ. ತಲುಪಿದ್ದೆಲ್ಲ ಹೊಟ್ಟೆ ಸೇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಗುಳಿಗೆ ಅರ್ಧಕ್ಕೇ ನಿಲ್ಲುವುದೇಕೆ ಎಂದು ಸಂಪಗಾಂವದ ಆಸುಪಾಸಿನ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ ನನಗೆ ಸಿಕ್ಕ ಉತ್ತರಗಳು ಎರಡು: ‘ಮಲ ಕರ್ರಗಾಗತೈತ್ರಿ’, ‘ಕೂಸು ಕರ್ರಗ ಹುಟ್ಟತೈತಂತ’. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಕರುಳು ಹೀರಿಕೊಳ್ಳದೆ ಉಳಿಸಿದ ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಅದರಿಂದ ಹಾನಿಯಿಲ್ಲ. ಮಗುವಿನ ಮೈಬಣ್ಣಕ್ಕೂ ಗುಳಿಗೆಗೂ ಸಂಬಂಧವೇ ಇಲ್ಲ. ಇಷ್ಟನ್ನು ತಿಳಿಸಲು ಒಂದು ನಿಮಿಷ ಸಾಕು. ಕಾಗದದ ಮೇಲೆ ಇದಕ್ಕೆ ‘ಆಪ್ತ ಸಮಾಲೋಚನೆ’ ಎಂಬ ಭಾರಿ ಹೆಸರೂ ಉಂಟು. ಆದರೆ ಹತ್ತಾರು ನೋಂದಣಿ ಪುಸ್ತಕಗಳನ್ನು ತುಂಬಬೇಕಾದ ಆಶಾ ಕಾರ್ಯಕರ್ತೆಗೆ ಆ ನಿಮಿಷ ಉಳಿಯುವುದು ಕಷ್ಟ.

ಪರಿಣಾಮ ಅಂಕಿಅಂಶಗಳಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆಯ ಪ್ರಮಾಣ ಕರ್ನಾಟಕದಲ್ಲಿ 2015-16ರಲ್ಲಿ ಶೇ 44.8 ಇದ್ದದ್ದು 2019-21ರ ಹೊತ್ತಿಗೆ ಶೇ 47.8ಕ್ಕೆ ಏರಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 60.9ರಿಂದ ಶೇ 65.5ಕ್ಕೆ.

ನಮ್ಮ ಆರೋಗ್ಯ ಶಿಕ್ಷಣ ಆಜ್ಞೆ ಮಾಡುತ್ತದೆ, ಅರ್ಥ ಮಾಡಿಸುವುದಿಲ್ಲ ಎಂಬುದು ನನ್ನ ತಕರಾರು. ಜೀರ್ಣಾಂಗವ್ಯೂಹದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ಣ ಅಂಕ ಪಡೆದ ಹುಡುಗಿಗೆ, ಊಟದ ಬೆನ್ನಿಗೇ ಕುಡಿದ ಚಹಾ ಅದೇ ಸಣ್ಣ ಕರುಳಿನಲ್ಲಿ ಏನು ಮಾಡುತ್ತದೆಂಬುದು ತಿಳಿದಿರುವುದಿಲ್ಲ. ಚಹಾದ ಟ್ಯಾನಿನ್ ಅಂಶ ಧಾನ್ಯ, ಕಾಳುಗಳ ಕಬ್ಬಿಣವನ್ನು ಹಿಡಿದುಕೊಂಡು, ದೇಹಕ್ಕೆ ಸೇರಬಹುದಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಪ್ಪಿಸಬಲ್ಲದು. ನಮ್ಮ ಭಾಗದಲ್ಲಿ ಚಹಾಕ್ಕೆ ಹೊತ್ತುಗೊತ್ತಿಲ್ಲವೆಂಬುದು ಬೇರೆ ಹೇಳಬೇಕೇ? ಗರ್ಭಿಣಿಗೆ ಕ್ಯಾಲ್ಸಿಯಂ ಗುಳಿಗೆಯನ್ನೂ ಕೊಡುತ್ತಾರೆ. ಎರಡನ್ನೂ ಒಟ್ಟಿಗೇ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡಿ.

ಪೌಷ್ಟಿಕ ಆಹಾರ ಸಪ್ತಾಹದ ಭಾಷಣಗಳಲ್ಲಿ ಸೇಬು, ದಾಳಿಂಬೆ, ಬೀಟ್‌ರೂಟುಗಳ ಹೆಸರು ತಪ್ಪದೆ ಬರುತ್ತದೆ. ಅವುಗಳಲ್ಲಿ ಕಬ್ಬಿಣ ಅಷ್ಟಕ್ಕಷ್ಟೇ. ಬಣ್ಣ ಕೆಂಪು, ಅಷ್ಟೆ. ಸಂಕ್ರಾಂತಿಯ ಸಜ್ಜೆ ರೊಟ್ಟಿ ಅವೆಲ್ಲಕ್ಕಿಂತ ಮೇಲು. ಸಜ್ಜೆ, ಜೋಳಗಳಲ್ಲಿನ ಫೈಟೇಟ್ ಕಬ್ಬಿಣವನ್ನು ಕಟ್ಟಿಹಾಕುವುದು ನಿಜ. ಆದರೆ ಆ ಕಟ್ಟನ್ನು ಸಡಿಲಿಸುವ ಉಪಾಯವೂ ನಮ್ಮ ತಟ್ಟೆಯಲ್ಲೇ ಇದೆ. ಮಡಕಿಕಾಳು ಮೊಳಕೆಯೊಡೆದಾಗ ಅದರ ಫೈಟೇಟ್ ಕುಗ್ಗುತ್ತದೆ. ಊಟಕ್ಕೆ ಹಿಂಡಿದ ನಿಂಬೆಹಣ್ಣು, ರೊಟ್ಟಿಯೊಡನೆ ಕಚ್ಚಿ ತಿನ್ನುವ ಹಸಿ ಮೆಂತ್ಯ ತಪ್ಪಲು ಸಿ ಜೀವಸತ್ವ ಒದಗಿಸಿ, ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತವೆ. ನಮ್ಮ ಅಜ್ಜಿಯರು ರೂಢಿಯಿಂದ ಮಾಡುತ್ತಿದ್ದುದನ್ನು ಕಾರಣಸಹಿತ ಮೊಮ್ಮಕ್ಕಳಿಗೆ ಹೇಳಿದರೆ ರೂಢಿ ಉಳಿದೀತು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆಯ ತಟ್ಟೆಗೆ ಆ ಕಾಳುಪಲ್ಯ ಬೀಳುತ್ತದೆಯೇ ಎಂಬುದನ್ನು ಮಾತ್ರ ಯಾವ ಪಠ್ಯವೂ ಕೇಳುವುದಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಹೋಗುವವಳ ಅಂಗಾಲಿನ ಚರ್ಮ ಕೊರೆದೇ ಕೊಕ್ಕೆಹುಳು ಒಳಸೇರಿ, ಕರುಳಿನಲ್ಲಿ ರಕ್ತ ಹೀರುತ್ತದೆಂಬುದನ್ನೂ ಅವಳಿಗೆ ಹೇಳಿದವರು ವಿರಳ.

ಇದು ಬರೀ ಸುಸ್ತಿನ ಮಾತಲ್ಲ. ಹೆರಿಗೆಯಲ್ಲಿ ಹೋಗುವ ರಕ್ತವನ್ನು ಗಟ್ಟಿ ದೇಹ ತಡೆದುಕೊಂಡೀತು. ಮೊದಲೇ ರಕ್ತವಿಲ್ಲದವಳು ಅಷ್ಟಕ್ಕೇ ಸಾಯಬಹುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ 2002ರಿಂದ 2005ರವರೆಗೆ ಇದೇ ಜಿಲ್ಲೆಯ 1,620 ಗ್ರಾಮೀಣ ಮಹಿಳೆಯರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಹಾಯಕ ಶುಶ್ರೂಷಕಿಯರು ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದಾಗ ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ದೊಡ್ಡ ಆಸ್ಪತ್ರೆಯಲ್ಲಲ್ಲ, ನಮ್ಮ ಹಳ್ಳಿಗಳಲ್ಲಿ, ನಮ್ಮ ಸಿಸ್ಟರುಗಳಿಂದ. ತಿಳಿಯಹೇಳಿ ಕೆಲಸ ವಹಿಸಿದರೆ ಅವರು ಏನು ಮಾಡಬಲ್ಲರೆಂಬುದಕ್ಕೆ ಬೇರೆ ಪುರಾವೆ ಬೇಡ.

ಮುಂದಿನ ಬಾರಿ ಕಬ್ಬಿಣದ ಗುಳಿಗೆಗೆ ಟೆಂಡರ್ ಕರೆಯುವಾಗ ಪಟ್ಟಿಯ ಬೆನ್ನಿಗೆ ಕನ್ನಡದಲ್ಲಿ ಮೂರು ಸಾಲು ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು? ಚಹಾದಿಂದ, ಕ್ಯಾಲ್ಸಿಯಂ ಗುಳಿಗೆಯಿಂದ ಒಂದೆರಡು ತಾಸು ದೂರವಿಡಿ. ನಿಂಬೆರಸದೊಡನೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ.