ಹಂದಿಗೋಡಿನ ರೋಗಿ ವೈದ್ಯರಿಗೆ ಹೇಳಬೇಕಾದದ್ದು

ವೈದ್ಯರ ಮುಂದೆ ರೋಗಿಯು ಹೆಚ್ಚು ಮಾತನಾಡಬಾರದು, ನಾಡಿ ಹಿಡಿದವರಿಗೆ ಎಲ್ಲವೂ ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಿಂದಿನದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಕುಟುಂಬಗಳ ಮಟ್ಟಿಗಂತೂ ಈ ನಂಬಿಕೆ ಹಾನಿಕರವೆಂದೇ ನನ್ನ ಅಭಿಪ್ರಾಯ. ಹಂದಿಗೋಡು ಕಾಯಿಲೆಯನ್ನು ಕುರಿತು ಈ ಮಾತು ಹೇಳುತ್ತಿದ್ದೇನೆ.

ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಇದು ವೈದ್ಯಲೋಕದ ಗಮನಕ್ಕೆ ಬಂದಿತು. ಸೊಂಟದ ಕೀಲಿನಲ್ಲಿಯೂ ಮೊಣಕಾಲಿನಲ್ಲಿಯೂ ತಡೆಯಲಾರದ ನೋವು, ಓಲಾಡುವ ನಡಿಗೆ. ಕೆಲವರಲ್ಲಿ ಬೆನ್ನುಮೂಳೆಯೂ ಕೆಟ್ಟು ಎತ್ತರ ಕುಂಠಿತವಾಗುವುದುಂಟು. ಪೀಡಿತರು ಬಹುಮಟ್ಟಿಗೆ ಗದ್ದೆಯ ಕೂಲಿಯನ್ನೇ ನಂಬಿದ ಜನ. ಪೈರಿಗೆ ಸಿಂಪಡಿಸಿದ ಕೀಟನಾಶಕವು ಗದ್ದೆಯ ಏಡಿಯ ಮೂಲಕ ಹೊಟ್ಟೆಯನ್ನು ಸೇರಿ ಈ ರೋಗವನ್ನು ತಂದಿತೆಂಬ ಊಹೆ ಬಹುಕಾಲ ಪ್ರಚಾರದಲ್ಲಿತ್ತು. 1990ರ ದಶಕದಲ್ಲಿ ಪ್ರಕಟವಾದ ಕ್ಷ-ಕಿರಣ ಹಾಗೂ ವಂಶಾವಳಿಗಳ ಅಧ್ಯಯನವು ಬೇರೆಯ ಕಾರಣವನ್ನು ತೋರಿಸಿತು: ಇದು ಮೂಳೆಯ ಬೆಳವಣಿಗೆಯಲ್ಲಿನ ಅನುವಂಶಿಕ ದೋಷ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಆ ವಂಶಾವಳಿಗಳು ಯಾವ ಆಸ್ಪತ್ರೆಯ ಕಪಾಟಿನಲ್ಲಿದ್ದವು? ಯಾರ ಅಜ್ಜ ಕುಂಟುತ್ತಿದ್ದ, ಯಾರ ಸೋದರತ್ತೆ ಹಾಸಿಗೆ ಹಿಡಿದಳು ಎಂಬುದನ್ನು ಬಲ್ಲವರು ಮನೆಯವರೇ ಅಲ್ಲವೆ?

ಈಗ ಶಸ್ತ್ರಕ್ರಿಯೆಯ ವಿಚಾರ. ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು 1962ರಲ್ಲಿ ಬಳಕೆಗೆ ತಂದ ವಿಧಾನದಲ್ಲಿ, ಸವೆದ ಕೀಲನ್ನು ತೆಗೆದು ಪಾಲಿಎಥಿಲೀನ್ ಬಟ್ಟಲಿನಲ್ಲಿ ತಿರುಗುವ ಉಕ್ಕಿನ ಗುಂಡನ್ನು ಕೂರಿಸುತ್ತಾರೆ. ಎರಡನ್ನೂ ಎಲುಬಿಗೆ ಬೆಸೆಯುವುದು ದಂತವೈದ್ಯರು ಬಳಸುತ್ತಿದ್ದ ಅಂಟಿನ ಜಾತಿಯ ಸಿಮೆಂಟು. ಇಂದಿನ ಕೃತಕ ಕೀಲುಗಳು ಇದರದೇ ಸಂತತಿ. ನೋವಿನಿಂದ ಮುಕ್ತರಾಗಲು ಹಂದಿಗೋಡಿನವರಿಗೂ ಇದೊಂದು ದಾರಿ. ಆದರೆ ಇದು ಮುಖ್ಯವಾಗಿ ಮುಪ್ಪಿನಲ್ಲಿ ಸವೆದ ಕೀಲಿಗಾಗಿ ಹುಟ್ಟಿದ ಉಪಾಯ. ಇಲ್ಲಿ ಎಲುಬಿನ ಆಕಾರವೇ ಬೇರೆಯಾಗಿರುವುದರಿಂದ ಕೃತಕ ಕೀಲಿನ ಅಳತೆಯನ್ನು ಮೊದಲೇ ಜಾಗರೂಕತೆಯಿಂದ ನಿಶ್ಚಯಿಸಬೇಕು. ಬೆನ್ನುಮೂಳೆಯ ನೋವು ಸೊಂಟದ ನೋವಿನಂತೆ ತೋರಲೂಬಹುದು. ರೋಗಿಯು ಮೂವತ್ತರ ಪ್ರಾಯದವನಾದರೆ ಕೀಲು ಸವೆದು ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾದೀತು. ಎರಡನೆಯದು ಮೊದಲಿನದಕ್ಕಿಂತ ಕಠಿಣ. ಕುಕ್ಕರಗಾಲಿನಲ್ಲಿ ಕೂರಬೇಡಿ, ಬಹಳ ಬಗ್ಗಬೇಡಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳಿ ಕಳಿಸುತ್ತಾರೆ. ದಿನವಿಡೀ ಕೆಸರಿನಲ್ಲಿ ಬಗ್ಗಿ ಸಸಿ ನೆಡುವ ಹೆಂಗಸು ಈ ಮಾತನ್ನು ಶಸ್ತ್ರಕ್ರಿಯೆಯ ಅನಂತರ ಕೇಳಿ ಏನು ಮಾಡಬೇಕು?

ಅರೆತಿಳಿವಳಿಕೆಯ ರೋಗಿಯು ವೈದ್ಯರಿಗೆ ಉಪದ್ರವವೆಂದು ಆಕ್ಷೇಪಿಸುವವರುಂಟು. ಏಡಿಯ ಕಥೆಯನ್ನು ನೆನೆದರೆ ಆ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಕೆಲವೇ ಹಳ್ಳಿಗಳಿಗೆ ಸೀಮಿತವಾದ ರೋಗವನ್ನು ದೂರದ ನಗರದ ಮೂಳೆವೈದ್ಯರು ಜೀವಮಾನದಲ್ಲಿ ಒಮ್ಮೆಯೂ ಕಾಣದಿರಬಹುದು. ಅದು ಅವರ ತಪ್ಪಲ್ಲ. ಅವರಿಗೆ ತಿಳಿಸುವವರು ರೋಗಿಗಳಲ್ಲದೆ ಮತ್ತಾರು? ಅಧ್ಯಯನಗಳೋ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾದವು. ಅವುಗಳ ಸಾರ ಕನ್ನಡದಲ್ಲಿ ಈ ಮನೆಗಳ ಜಗಲಿಯನ್ನು ಮುಟ್ಟಬೇಕಾದದ್ದು ಆರೋಗ್ಯ ಇಲಾಖೆಯ ಹೊಣೆ.

ಅಲ್ಲಿಯವರೆಗೆ, ಪ್ರತಿ ಮನೆಯವರೂ ಊರಿನ ಉಪಾಧ್ಯಾಯರ ನೆರವಿನಿಂದ ಒಂದು ಹಾಳೆಯನ್ನು ಸಿದ್ಧಪಡಿಸಿಕೊಳ್ಳಲಿ. ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ನೋವು ತೊಡಗಿತು, ಯಾರಿಗೆ ಶಸ್ತ್ರಕ್ರಿಯೆಯಾಗಿ ಹೇಗಿದ್ದಾರೆ, ರೋಗಿಯು ಮಾಡುವ ಕೆಲಸವೇನು ಎಂಬುದಿಷ್ಟು ಅದರಲ್ಲಿರಲಿ. ಹಳೆಯ ಕ್ಷ-ಕಿರಣ ಚಿತ್ರಗಳು ತಾರೀಖಿನ ಕ್ರಮದಲ್ಲಿ ಜೊತೆಗಿರಲಿ. ಹಾಳೆಯ ನೆತ್ತಿಯಲ್ಲಿ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆಸುವುದು ಒಳ್ಳೆಯದು. ಇಲ್ಲವಾದರೆ ಹಂದಿಗೋಡೆಂಬುದನ್ನು ಬರಿಯ ಊರಿನ ಹೆಸರೆಂದು ತಿಳಿದು, ವೈದ್ಯರು ಅದನ್ನು ವಿಳಾಸದ ಸಾಲಿನಲ್ಲಿ ಬರೆದುಕೊಂಡಾರು.